ಇವು ನಿನ್ನೀ ಸುದ್ದಿ ಅಲ್ರೀ ಸರ

ನಾನು ಗದಗ ತಾಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕ. ಊರ ಹೆಸರು ಬೇಡ. ಮುಂಡರಗಿ ರಸ್ತೆಯಲ್ಲಿ ಡಂಬಳಕ್ಕಿಂತ ಈಚೆ ಬಸ್ಸಿಳಿದು ಒಂದಿಷ್ಟು ನಡೆಯಬೇಕು, ಶಾಲೆಯ ಅಂಗಳದಲ್ಲಿ ನಿಂತರೆ ದೂರಕ್ಕೆ ಕಪ್ಪತಗುಡ್ಡದ ಗಾಳಿಕಂಬಗಳು ಕಾಣುತ್ತವೆ. ಇಷ್ಟು ಸಾಕು.

ನಮ್ಮಲ್ಲಿ ಬೆಳಗಿನ ಪ್ರಾರ್ಥನೆ ಅಂದ್ರೆ ಒಂದು ದೊಡ್ಡ ಪಟ್ಟಿ. ನಾಡಗೀತೆ, ಸಂವಿಧಾನದ ಪೀಠಿಕೆ, ಗಾದೆ, ಒಂದೆರಡು ರಸಪ್ರಶ್ನೆ, ಆಮೇಲೆ ವಾರ್ತೆ. ವಾರ್ತೆ ಓದುವ ಪಾಳಿ ಐದರಿಂದ ಏಳನೇ ಇಯತ್ತೆಯವರದು. ಊರಿಗೆ ಪೇಪರ್ ಬರುವುದೇ ಮಧ್ಯಾಹ್ನದ ಬಸ್ಸಿಗೆ. ಹಾಗಾಗಿ ಬೆಳಿಗ್ಗೆ ನಾವು ಓದುವುದು ಹಿಂದಿನ ದಿನದ ಪೇಪರ್. ಯಾರೂ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ, ನಾನೂ ಕೂಡ.

2024ರ ಜುಲೈ 1, ಸೋಮವಾರ. ಪತ್ರಿಕಾ ದಿನ. ಹೆಡ್ ಮಾಸ್ತರು ನನಗೆ ನಾಲ್ಕು ಮಾತಾಡಲು ಹೇಳಿದ್ದರು. 1843ರ ಜುಲೈ 1ಕ್ಕೆ ಮಂಗಳೂರು ಸಮಾಚಾರ ಬಂತು, ಅದು ಕನ್ನಡದ ಮೊದಲ ಪತ್ರಿಕೆ, ತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್, ಆಗ ಕಲ್ಲಚ್ಚಿನಲ್ಲಿ ಛಾಪಿಸುತ್ತಿದ್ದರು, ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು ಅಂತೆಲ್ಲ ಹೇಳಿ, ಈಗ ವಾರ್ತೆ ಓದಮ್ಮ ಅಂದೆ. ಐದನೇ ಇಯತ್ತೆಯ ಹುಡುಗಿ ಪೇಪರ್ ಹಿಡಿದು ಸುಮ್ನೆ ನಿಂತಳು.

"ಓದವಾ."

"'ಇಂದಿನ ವಾರ್ತೆಗಳು' ಅಂತ ಹ್ಯಾಂಗ ಓದ್ಲೀರಿ? ಇವು ನಿನ್ನೀ ಸುದ್ದಿ ಅಲ್ರೀ ಸರ."

ಸಾಲಿನಲ್ಲಿ ಯಾರೋ ಕಿಸಕ್ ಅಂದರು. ಹದಿನೈದು ದಿನಕ್ಕೊಮ್ಮೆ ಅಂದ್ರ ಅದೂ ಹಳೇ ಸುದ್ದೀನ ಇರ್ತಿತ್ತಲ್ರೀ ಅಂತ ಹಿಂದಿನಿಂದ ಇನ್ನೊಬ್ಬ. ಮೊಗ್ಲಿಂಗ್ ಸಾಹೇಬರಿಗೂ ಬಿಡಲಿಲ್ಲ ನೋಡಿ.

ಮರುದಿನ ನಾನೇ ಗದಗ ಬಸ್‌ಸ್ಟ್ಯಾಂಡಿನಲ್ಲಿ ಆ ದಿನದ ಪೇಪರ್ ಕೊಂಡು ಒಯ್ದೆ. ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಮೊದಲ ಪುಟದಲ್ಲಿ 'ಶೃಂಗಸಭೆ' ಅಂತ ಒಂದು ಶಬ್ದ ಬಂತು. ಹುಡುಗ ಮೂರು ಸಲ ಮುಗ್ಗರಿಸಿ ದಾಟಿದ. ಹಂಗಂದ್ರೇನ್ರೀ ಅಂತ ಕೇಳಿದರು. ಶೃಂಗ ಅಂದ್ರೆ ಶಿಖರ, ಹಾಗೇ ಕೋಡು ಅಂತಾನೂ ಅರ್ಥ ಐತಿ ಅಂದುಬಿಟ್ಟೆ. ಹೇಳಬಾರದಿತ್ತು. ಆ ದಿನ ಬಿಸಿಯೂಟದ ಸಾಲಿನಲ್ಲಿ ಇಡೀ ಏಳನೇ ಇಯತ್ತೆ ತಲೆಯ ಮೇಲೆ ಎರಡು ಬೆರಳು ಇಟ್ಟುಕೊಂಡು ಕೋಡಿನ ಸಭೆ ನಡೆಸಿತು. ಅಡುಗೆ ಮಾಡುವ ಅಕ್ಕ ಸೌಟು ಎತ್ತಿದ ಮೇಲೇ ಸಭೆ ಬರಖಾಸ್ತಾದದ್ದು.

ಆವಾಗ ಅನಿಸಿತು, ಈ ಪೇಪರ್ ಹೊಸದಾದರೂ ಇವರದಲ್ಲ. ಉಸಿರು ಕಟ್ಟಿ ಓದುತ್ತಾರೆ, ಕೇಳುವವರು ಕಾಲಲ್ಲಿ ಮಣ್ಣು ಕೆರೆಯುತ್ತ ನಿಂತಿರುತ್ತಾರೆ. ಸರಿ, ನಾಳೆಯಿಂದ ನಿಮ್ಮ ಸುದ್ದಿ ನೀವೇ ತನ್ನಿ ಅಂದೆ. ಷರತ್ತು ಎರಡೇ. ಕಣ್ಣಾರೆ ನೋಡಿರಬೇಕು. ಬರೆದು ತರಬೇಕು.

ಬುಧವಾರ ಬೆಳಿಗ್ಗೆ ಹರಿದ ನೋಟ್‌ಬುಕ್ ಹಾಳೆಗಳ ಒಂದು ಕಟ್ಟೇ ಬಂತು. ಒಂದರ ಮೇಲೆ ಎಣ್ಣೆಯ ಕಲೆ, ಬಹುಶಃ ರೊಟ್ಟಿ ಗಂಟಿನ ಜೊತೆ ಬಂದಿತ್ತು. ಹೆಸರಿನ ಹೊಲದಲ್ಲಿ ಎಡೆ ಹೊಡೆಯುವಾಗ ಕುಂಟೆಯ ಕುಡ ಮುರಿದದ್ದು, ಅಜ್ಜಿಯ ಚಷ್ಮಾ ಕಳೆದು ಮೇವಿನ ಬಣವೆಯ ಹತ್ತಿರ ಸಿಕ್ಕದ್ದು, ಗುಡಿ ಮುಂದೆ ಹಾವು ಬಂದದ್ದು. ಹಾವಿನ ಸುದ್ದಿ ಐದು ಜನ ಬರೆದಿದ್ದರು, ಒಬ್ಬೊಬ್ಬರ ಹಾವೂ ಒಂದೊಂದು ಅಳತೆ. ಒಬ್ಬನಂತೂ ಹನ್ನೆರಡು ಫೂಟು ಅಂದ. ಅಂಗಳದಲ್ಲಿ ಟೇಪು ಹಿಡಿದು ಹನ್ನೆರಡು ಫೂಟು ಅಳೆದು ತೋರಿಸಿದೆವು. ಅವನೇ ನೋಡಿ, "ಇಷ್ಟ್ ಇರ್ಲಿಲ್ಲ ಬಿಡ್ರೀ" ಅಂತ ಆರಕ್ಕೆ ಇಳಿಸಿದ. ಅಳತೆಯ ಪಾಠ ಅಲ್ಲೇ ಆಯಿತು, ನಾನು ಯೋಜನೆ ಹಾಕಿದ್ದೇನೂ ಅಲ್ಲ.

ಒಂದು ಹಾಳೆಯ ಮುಂದೆ ಮಾತ್ರ ನಾನು ಎಡವಿದೆ. ನಾಲ್ಕನೇ ಇಯತ್ತೆಯ ಹುಡುಗನದು, ಪಾಳಿ ಅವನದಲ್ಲದಿದ್ದರೂ ತಂದಿದ್ದ. ಬರೆದದ್ದು ಇಷ್ಟು: "ರಾತ್ರಿ ನಮ್ಮ ಎಮ್ಮಿ ಈದೈತಿ. ಹೆಣಗರ. ನಮ್ಮವ್ವ ನಿದ್ದಿ ಮಾಡಿಲ್ಲ. ಗಿಣ್ಣ ನಿಮಗೂ ತರ್ತೀನಿ." ನಾನು ರೂಢಿಯ ಹಾಗೆ ಕೆಂಪು ಪೆನ್ನು ತೆಗೆದು ಎಮ್ಮೆ, ಈದಿದೆ, ಹೆಣ್ಣು ಕರು, ಅಮ್ಮ, ನಿದ್ರೆ ಅಂತ ತಿದ್ದಿ ಕೊಟ್ಟೆ. ಅವನು ಪ್ರಾರ್ಥನೆಯಲ್ಲಿ ನಿಂತು ತಿದ್ದಿದ್ದನ್ನು ಓದಿದ. "ರಾತ್ರಿ ನಮ್ಮ ಎಮ್ಮೆ ಈದಿದೆ" ಅಂತ, ಪರೀಕ್ಷೆಗೆ ಓದುವ ದನಿಯಲ್ಲಿ. ಬರುವಾಗ ಅಂಗಳದ ತುಂಬ ಕುಣಿಯುತ್ತ ಬಂದಿದ್ದ ಹುಡುಗ ಇವನೇನಾ ಅನ್ನಿಸಿತು. ಯಾರದೋ ಎಮ್ಮೆ ಎಲ್ಲೋ ಈದ ಹಾಗಿತ್ತು. ಓದಿ ಮುಗಿದ ಮೇಲೆ ಪಕ್ಕದವನಿಗೆ ಪಿಸುಗುಟ್ಟಿದ, "ನಮ್ಮವ್ವ ಅಂತನ ಬರದಿದ್ದೆ."

ಶಿಷ್ಟ ಕನ್ನಡ ಕಲಿಸಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಮುಂದೆ ಅರ್ಜಿ ಬರೆಯಬೇಕು, ಪರೀಕ್ಷೆ ಬರೆಯಬೇಕು. ಆದರೆ ಅವ್ವನನ್ನು ತಿದ್ದುವ ಅಧಿಕಾರ ನನಗೆ ಯಾರು ಕೊಟ್ಟರು? ಅವತ್ತೇ ನಿಯಮ ಬದಲಿಸಿದೆವು. ಓದುವಾಗ ನಿಮ್ಮ ಮಾತಿನಲ್ಲೇ ಓದಿ. ಆಮೇಲೆ ಅದನ್ನೇ ಪುಸ್ತಕದ ಕನ್ನಡದಲ್ಲಿ ಕರಿಹಲಗೆ ಮೇಲೆ ಎಲ್ಲರೂ ಸೇರಿ ಬರೆಯೋಣ. ಎರಡೂ ಇರಲಿ. ಗಿಣ್ಣ ಮಾತ್ರ ಎರಡರಲ್ಲೂ ಗಿಣ್ಣವೇ, ಮಧ್ಯಾಹ್ನ ಡಬ್ಬಿಯಲ್ಲಿ ಬಂದೂ ಬಂತು. ಏಲಕ್ಕಿ ಜಾಸ್ತಿ.

ಗುರುವಾರ ಗದ್ದಲ. ಆರನೇ ಇಯತ್ತೆಯ ಹುಡುಗಿ ಗಟ್ಟಿಯಾಗಿ ಓದಿದಳು: "ನಮ್ಮ ಸಾಲಿ ನಳದಾಗ ನೀರ ಬರದ ನಾಕ ದಿನ ಆತು. ಹೆಣ್ಣ ಹುಡುಗ್ಯಾರು ಪಾಯಖಾನಿಗೆ ಮನಿಗೆ ಹೋಗಿ ಬರ್ತೀವಿ." ಅವತ್ತೇ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಇಬ್ಬರು ಹಿರಿಯರು ಹಾಲಿನ ಪುಡಿಯ ಲೆಕ್ಕ ನೋಡಲು ಬಂದು ಕಟ್ಟೆ ಮೇಲೆ ಕೂತಿದ್ದರು. ಹೆಡ್ ಮಾಸ್ತರು ನನ್ನ ಕಡೆ ನೋಡಿದರು. ನಾನು ಗಾಳಿಕಂಬದ ಕಡೆ ನೋಡಿದೆ. ಆಮೇಲೆ ಆಫೀಸಿಗೆ ಕರೆದು, ಇಂಥಾದ್ದನ್ನ ಮೊದಲು ನನಗೆ ತೋರಿಸಬೇಕು ಮಾರಾಯ್ರ ಅಂದರು. ಅವರ ಕಷ್ಟವೂ ಸುಳ್ಳಲ್ಲ, ಎರಡು ಸಲ ಹೇಳಿ ಕಳಿಸಿದ್ದರು.

ಊಟದ ಹೊತ್ತಿಗೆ ನೀರು ಬಿಡುವವನೇ ಸೈಕಲ್ ಮೇಲೆ ಬಂದ. ಸಿಟ್ಟಿನಲ್ಲಿದ್ದ. "ಸುಳ್ಳ ಸುದ್ದಿ ಓದಸ್ತೀರೇನ್ರೀ? ನಾಕ ದಿನ ಎಲ್ಲೈತ್ರೀ, ಮೂರ ದಿನ!" ಹುಡುಗಿ ಹೆದರಲಿಲ್ಲ, ಬೆರಳು ಮಡಚಿ ಸೋಮವಾರದಿಂದ ಎಣಿಸಿ ತೋರಿಸಿದಳು. ಅವನು ಗುರುವಾರ ಇನ್ನೂ ಮುಗಿದಿಲ್ಲ, ಅದು ಲೆಕ್ಕಕ್ಕಿಲ್ಲ ಅಂದ. ಕೊನೆಗೆ ಶುಕ್ರವಾರದ ವಾರ್ತೆಯಲ್ಲಿ ತಿದ್ದುಪಡಿ ಬಂತು: ನಿನ್ನೆ ನಾಲ್ಕು ದಿನ ಎಂದು ಓದಲಾಗಿತ್ತು, ಮೂರೂವರೆ ದಿನ ಎಂದು ತಿಳಿಯಬೇಕು. ಮೋಟಾರು ಸುಟ್ಟಿತ್ತಂತೆ. ಶುಕ್ರವಾರ ಸಂಜೆ ನೀರು ಬಂತು, ಕೆಂಪಗೆ.

ಇದೆಲ್ಲದರ ನಡುವೆ ನಲಿ-ಕಲಿ ಅಕ್ಕೋರು ತರಬೇತಿಗೆ ಹೋಗಿದ್ದರಿಂದ ಒಂದರಿಂದ ಮೂರರ ಮಕ್ಕಳೂ ಎರಡು ದಿನ ನನ್ನ ಪಾಲಿಗೆ ಬಿದ್ದಿದ್ದರು. ನಾನು ದೊಡ್ಡ ಮಕ್ಕಳಿಗೆ ಕಲಿಸುವವ, ಆ ಕೋಣೆ ಹೊಕ್ಕರೆ ಕೈಕಾಲು ಆಡುವುದಿಲ್ಲ. ಗೋಡೆ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ಚಪ್ಪರದ ದಾರಕ್ಕೆ ತೂಗುವ ಮಕ್ಕಳ ಚಿತ್ರಗಳು, ತಟ್ಟೆ ಅನ್ನುವ ಗುಂಪುಗಳಲ್ಲಿ ಕೂತ ಮಕ್ಕಳು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕಾರ್ಡು. 1995ರಲ್ಲಿ ಎಚ್‌.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಇದರಲ್ಲಿ ಅ ಆ ಇ ಈ ಅಂತ ಮೊದಲಾಗುವುದಿಲ್ಲ, ಬರೆಯಲು ಸುಲಭದ ರ ಗ ಸ ದ ಅ ದಿಂದ ಆರಂಭ. ಒಂದನೇ ಇಯತ್ತೆಯವರು ಆ ವಾರ ಇನ್ನೂ ಆ ಐದೇ ಅಕ್ಷರದಲ್ಲಿದ್ದರು.

ಶುಕ್ರವಾರ ಅವರಿಗೆ ಅಭಿನಯ ಗೀತೆ ಆಡಿಸುತ್ತ ಬುಗುರಿ ಹಾಗೆ ತಿರುಗಿ ತೋರಿಸಲು ಹೋದೆ. ನಾಲ್ಕನೇ ಸುತ್ತಿಗೆ ಚಪ್ಪರದ ದಾರ ಕೊರಳಿಗೆ ಸಿಕ್ಕಿತು, ದಾರದ ಸಮೇತ ಚಿತ್ರಗಳು ನನ್ನ ಮೈಮೇಲೆ, ನಾನು ಜಮಖಾನೆ ಮೇಲೆ. ಮಕ್ಕಳು ಇದೂ ಹಾಡಿನ ಭಾಗ ಅಂದುಕೊಂಡು ಎಲ್ಲರೂ ದಬದಬ ಬಿದ್ದರು.

ಶನಿವಾರ ಬೆಳಗಿನ ಶಾಲೆ. ಕವಾಯತು ಮುಗಿಸಿ, ವಾರದ ಸುದ್ದಿಗಳನ್ನೆಲ್ಲ ಹಳೆ ಕ್ಯಾಲೆಂಡರಿನ ಬೆನ್ನಿಗೆ ಅಂಟಿಸಿ ಗೋಡೆ ಪತ್ರಿಕೆ ಮಾಡುತ್ತಿದ್ದೆವು. ಎಮ್ಮೆ ಮೊದಲ ಪುಟಕ್ಕೋ ನೀರು ಮೊದಲ ಪುಟಕ್ಕೋ ಅಂತ ಜಗಳ ನಡೆದಿತ್ತು. ಒಂದನೇ ಇಯತ್ತೆಯ ಪುಟ್ಟ ಹುಡುಗಿ ದೊಡ್ಡವರ ಕಾಲ ಸಂದಿಯಲ್ಲಿ ತೂರಿ ಬಂದು ಪಾಟಿ ಮುಂದೆ ಹಿಡಿದಳು. ತಂದ ಸುದ್ದಿ ಏನವಾ ಅಂದೆ. ಮಾತಾಡಲಿಲ್ಲ, ಪಾಟಿ ಇನ್ನೂ ಮೇಲೆತ್ತಿದಳು. ಐದರಲ್ಲಿ ಮೂರೇ ಅಕ್ಷರ ಖರ್ಚು ಮಾಡಿದ್ದಳು, ಬಳಪ ಒತ್ತಿ ಒತ್ತಿ ಬರೆದಿದ್ದಳು:

ಸರ ಗರಗರ

ಕಣ್ಣಾರೆ ನೋಡಿದ್ದು, ಬರೆದು ತಂದದ್ದು. ಎರಡೂ ಷರತ್ತು ಪಾಸು. ಎಮ್ಮೆ, ನೀರು ಎರಡನ್ನೂ ಕೆಳಗೆ ಸರಿಸಿ ದೊಡ್ಡ ಹುಡುಗರು ಅದನ್ನೇ ಎಲ್ಲಕ್ಕಿಂತ ಮೇಲೆ, ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದರು.