ಜಾಂಡ್‌ಟೋರ್ ಧಕ್ಕೆಯ ಮೇಲೆ ಕೊನೆಗೂ ನೀರು ಸರಿಯಾಗಿ ಏರಿತು

ಮೂರು ವಾರ ಕಾಡಿದ ನೀರು ನಿನ್ನೆ ರಾತ್ರಿ ಹೇಳಿದ ಮಾತು ಕೇಳಿತು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹಳೆ ಬಂದರಿನ ಜಾಗದಲ್ಲಿ ಎದ್ದ ಬಡಾವಣೆ ಹಾಫೆನ್‌ಸಿಟಿ, ನಾನು ಮಾಡುತ್ತಿರುವ ಅದರ ಮಾಡೆಲ್‌ನಲ್ಲಿ ಧಕ್ಕೆ, ಅಂದರೆ ದೋಣಿ ನಿಲ್ಲುವ ದಡದ ಕಟ್ಟೆ, ಮುಳುಗಿತು, ಮನೆಗಳು ಒಣಗಿಯೇ ಉಳಿದವು. ಖುಷಿಯಲ್ಲಿ ನಿದ್ದೆಯೇ ಬರಲಿಲ್ಲ.

ಇಡೀ ಹಾಫೆನ್‌ಸಿಟಿ 157 ಹೆಕ್ಟೇರ್. 1:500ರಲ್ಲೂ, ಅಂದರೆ ಐನೂರು ಪಟ್ಟು ಸಣ್ಣದು ಮಾಡಿದರೂ, ನಮ್ಮ ಹಾಲ್‌ನಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಜಾಂಡ್‌ಟೋರ್ ಬಂದರು, ಅದರ ಎರಡು ದಡ, ತುದಿಯಲ್ಲಿ ಎಲ್ಬ್‌ಫಿಲ್‌ಹಾರ್ಮೊನಿ ಸಂಗೀತ ಭವನ, ಇಷ್ಟೇ ಮಾಡುತ್ತಿದ್ದೇನೆ. ಕತ್ತರಿಸಿದ್ದು, ಅಂಟಿಸಿದ್ದು ನಿಮಗೆಲ್ಲ ಗೊತ್ತಿರುವುದೇ, ಬಿಡಿ.

ನನಗೆ ಈ ಊರಿನ ಮೇಲೆ ಇಷ್ಟು ಪ್ರೀತಿ ಯಾಕೆ ಅಂದರೆ, ಹಳೆ ಬಂದರಿನ ಈ ಜಾಗ ಹ್ಯಾಂಬರ್ಗ್‌ನ ನೆರೆ ತಡೆಯುವ ಮುಖ್ಯ ಗೋಡೆಯ ಹೊರಗಿದೆ. 1962ರ ಫೆಬ್ರವರಿಯ ನೆರೆಯಲ್ಲಿ ಆ ನಗರದಲ್ಲಿ 315 ಜನ ಸತ್ತರು. ಅಂಥ ಕಡೆ ಮನೆ ಕಟ್ಟುವಾಗ ಸುತ್ತ ಗೋಡೆ ಹಾಕೋಣ ಅಂತ ಯಾರಿಗೂ ಅನ್ನಿಸುತ್ತೆ, ಅಲ್ವಾ? ಆದರೆ ಗೋಡೆ ಪೂರ್ತಿ ಮುಗಿಯುವವರೆಗೆ ಮೊದಲ ಮನೆಗೂ ರಕ್ಷಣೆ ಇಲ್ಲ. ಹೊಳೆಯೂ ಕಾಣುವುದಿಲ್ಲ. ಅದಕ್ಕೆ ಅವರು ಒಂದೊಂದು ಕಟ್ಟಡವನ್ನೂ ಸಮುದ್ರಮಟ್ಟದಿಂದ ಎಂಟು ಒಂಬತ್ತು ಮೀಟರ್ ಎತ್ತರದ ದಿಬ್ಬದ ಮೇಲೆ ಕೂರಿಸಿದರು. ದಿಬ್ಬದ ಹೊಟ್ಟೆಯಲ್ಲಿ ಕಾರು ನಿಲ್ಲಿಸುವ ಜಾಗ, ಅದಕ್ಕೆ ನೀರು ತಡೆಯುವ ಬಾಗಿಲು. ದಡದ ನಡೆದಾರಿಯನ್ನು ಮಾತ್ರ ತಗ್ಗಿನಲ್ಲೇ ಬಿಟ್ಟರು. ನೆರೆ ಬಂದಾಗ ಅದು ಮುಳುಗಬೇಕು, ಇಳಿದ ಮೇಲೆ ಜನ ಮತ್ತೆ ಓಡಾಡಬೇಕು. ಈ ಮುಳುಗುವುದನ್ನೇ ನಾನು ತೋರಿಸಬೇಕಿತ್ತು.

ಅಲ್ಲೇ ಕೈ ಕೊಟ್ಟಿತು. 1:500ರಲ್ಲಿ ನಾಲ್ಕೂವರೆ ಮೀಟರ್ ಎತ್ತರದ ನಡೆದಾರಿ ಅಂದರೆ ಬರೀ 9 ಎಂಎಂ. ನೀರು ಅಂಚಿಗೆ ಬಂತು, ಮೇಲೆ ಹರಿಯಲೇ ಇಲ್ಲ. ಕಣ್ಣು ಧಕ್ಕೆಯ ಮಟ್ಟಕ್ಕೆ ಇಳಿಸಿ ನೋಡಿದೆ. ಅಂಚಿನುದ್ದಕ್ಕೂ ನೀರು ಗಾಜಿನ ಬಳೆಯ ಹಾಗೆ ಉಬ್ಬಿ ನಿಂತಿತ್ತು, ಎರಡೂವರೆ ಎಂಎಂ. ಅಂದರೆ ಹ್ಯಾಂಬರ್ಗ್‌ನಲ್ಲಿ ಒಂದೂಕಾಲು ಮೀಟರ್ ನೀರು ಗಾಳಿಯಲ್ಲಿ ನಿಂತ ಹಾಗೆ! ಆಮೇಲೆ ಒಂದೇ ಸಲ ದಬಕ್ ಅಂತ ನುಗ್ಗಿ ಗ್ಯಾರೇಜ್ ಬಾಗಿಲಿಗೆ ಬಡಿಯಿತು. ನಾವು ಮಾಡೆಲ್ ಸಣ್ಣದು ಮಾಡಿದರೂ ನೀರಿನ ಮೇಲ್ಮೈ ಎಳೆತ, ಅಂದರೆ ಹನಿ ಹರಡದೆ ಉಬ್ಬಿ ನಿಲ್ಲುವ ಗುಣ, ಸಣ್ಣದಾಗುವುದಿಲ್ಲ.

ನದಿಯ ಮಾಡೆಲ್ ಮಾಡುವ ಎಂಜಿನಿಯರ್‌ಗಳು ಎತ್ತರಕ್ಕೆ ಬೇರೆ ಸ್ಕೇಲ್ ಇಡುತ್ತಾರೆ. ನಾನೂ ನೆಲ ಮತ್ತು ನೀರಿನ ಎತ್ತರಕ್ಕೆ ಮಾತ್ರ 1:200 ಹಿಡಿದೆ. ಎಂಟು ಮೀಟರ್ ದಿಬ್ಬ 40 ಎಂಎಂ, ಅಂದರೆ 5 ಎಂಎಂ ಸನ್‌ಬೋರ್ಡ್ (ಹಗುರ ಫೋಮ್ ಶೀಟ್) ಎಂಟು ಪದರ. ಅಂಟಿಸಿ ಅಳೆದರೆ 35.2! ಅಂಗಡಿಯವರು 5 ಎಂಎಂ ಅಂತ ಬಿಲ್ ಹಾಕಿ 4.4ರ ಶೀಟ್ ಕೊಟ್ಟಿದ್ದಾರೆ. ಇಡೀ ಊರು ಒಂದು ಮೀಟರ್ ಕುಸಿದಿತ್ತು. ಕೇಳಿದರೆ "ಅಷ್ಟು ಹೆಚ್ಚುಕಮ್ಮಿ ಇರ್ತದೆ ಸರ್" ಅಂತಾರೆ. ನನಗೆ ನಿಜಕ್ಕೂ ಸಿಟ್ಟು ಬಂತು. ಒಂಬತ್ತನೇ ಪದರ ಹಾಕಿ 39.6ಕ್ಕೆ ತಂದೆ. ದಯವಿಟ್ಟು ಅಂಗಡಿಯಲ್ಲೇ ದಪ್ಪ ಅಳೆಯುವ ವರ್ನಿಯರ್ ಹಿಡಿದು ನೋಡಿ.

ಆಮೇಲೆ ನಡೆದಾರಿಯ ಅಂಚನ್ನು 220 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿದೆ. ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ. ಉಬ್ಬು ಇಳಿಯಿತು, ಆದರೆ ಅಕ್ವೇರಿಯಂ ಪಂಪ್ ನೊರೆ ಎಬ್ಬಿಸಿತು. ಆಗ ಅಕ್ಕ, ಅವಳು ನರ್ಸ್, ನೋಡುತ್ತಾ ನಿಂತವಳು ಹೇಳಿದಳು: "ಪಂಪ್ ಯಾಕೆ ಮಾರಾಯ, ಒಂದು ಡ್ರಿಪ್ ಸೆಟ್ ತೂಗು ಹಾಕು." ಎಂಥಾ ಐಡಿಯಾ! ಗೋಡೆಯ ಮೊಳೆಗೆ ನೀರಿನ ಕ್ಯಾನ್, ಅದರಿಂದ ಡ್ರಿಪ್ ಪೈಪ್, ಚಕ್ರ ತಿರುಗಿಸಿದರೆ ಬೇಕಾದ ವೇಗ.

ಮುಕ್ಕಾಲು ಗಂಟೆ ಹಿಡಿಯಿತು. ನೀರು ಸದ್ದಿಲ್ಲದೆ ಧಕ್ಕೆ ಹತ್ತಿತು, ಬೆಂಚುಗಳ ಕಾಲು ಮುಳುಗಿದವು. 1976ರ ಜನವರಿಯಲ್ಲಿ ಹ್ಯಾಂಬರ್ಗ್‌ಗೆ ಬಂದ ನೆರೆ ಸಮುದ್ರಮಟ್ಟದಿಂದ 6.45 ಮೀಟರ್. ನನ್ನ ಸ್ಕೇಲ್‌ನಲ್ಲಿ 32 ಎಂಎಂ. ಅಲ್ಲಿಗೆ ಬಂದಾಗ ಚಕ್ರ ಮುಚ್ಚಿದೆ. ಗ್ಯಾರೇಜ್ ಬಾಗಿಲಿಗೆ ಸೈಕಲ್ ಟ್ಯೂಬ್ ಪಟ್ಟಿ ಅಂಟಿಸಿದ್ದೆ, ಒಳಗೆ ಟಿಶ್ಯೂ ಪೇಪರ್ ಇಟ್ಟಿದ್ದೆ. ತೆಗೆದು ಕೆನ್ನೆಗೆ ಒತ್ತಿಕೊಂಡೆ. ಒಣಗಿತ್ತು!

ಇನ್ನು ಕಿಬ್ಬೆಲ್‌ಸ್ಟೆಗ್ ಸೇತುವೆ ಬಾಕಿ. ನೆರೆಯ ಹೊತ್ತಲ್ಲಿ ಅಗ್ನಿಶಾಮಕ ವಾಹನ ಊರೊಳಗೆ ಬರುವ ಎತ್ತರದ ದಾರಿ ಅದು.

ಆದರೆ ಮನಸ್ಸು ಆಗಲೇ ಮಂಗಳೂರಿನ ಜೆಪ್ಪುವಿಗೆ ಓಡಿದೆ. 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದ ನೇತ್ರಾವತಿ ದಡ. ಅಲ್ಲೂ ಉಬ್ಬರ ಇಳಿತ ಇದೆ, ಮೇಲಿಂದ ಮಳೆಗಾಲದ ನೆರೆಯೂ ಬರುತ್ತದೆ. ಎರಡೂ ಒಟ್ಟಿಗೆ ಬಂದರೆ ದಿಬ್ಬ ಎಷ್ಟು ಎತ್ತರ ಬೇಕು? ಈ ಸಲ ಎರಡು ಡ್ರಿಪ್ ಸೆಟ್. ಹಳೆ ಕಾರ್ಖಾನೆಗಳ ಧಕ್ಕೆಯ ಫೋಟೊ ನಿಮ್ಮ ಮನೆಯಲ್ಲಿದ್ದರೆ ಕಳಿಸಿ, ನೀರಿನ ಗುರುತು ಕಾಣುವಂಥದ್ದಾದರೆ ಇನ್ನೂ ಒಳ್ಳೆಯದು.