ಬದಿಯಡ್ಕದಲ್ಲಿ ಮನೆ ಕೊಳ್ಳುವ ಮುನ್ನ

ಬೆಂಗಳೂರಿನ ಬಾಡಿಗೆ ಮನೆಯನ್ನು ಬಿಟ್ಟು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಸ್ವಂತ ಮನೆ ಮಾಡುವುದೇ ಬೇಡವೇ ಎಂಬ ಚರ್ಚೆ ನಮ್ಮಲ್ಲಿ ಕಳೆದ ಮಳೆಗಾಲದಿಂದಲೂ ನಡೆದಿದೆ. ನನ್ನ ಅಮ್ಮ ಅಲ್ಲಿಗೆ ಹತ್ತಿರದ ನೀರ್ಚಾಲಿನಲ್ಲಿ ಅಣ್ಣನ ಜೊತೆಗಿದ್ದಾರೆ, ನನ್ನ ಕೆಲಸವನ್ನು ಎಲ್ಲಿ ಕುಳಿತಾದರೂ ಮಾಡಬಹುದು, ಮಗಳು ಬರುವ ಜೂನ್‌ನಲ್ಲಿ ಐದನೆಯ ತರಗತಿಗೆ ಸೇರಬೇಕು. ಹೋಗುವುದಾದರೆ ಈಗಲೇ ಹೋಗಬೇಕು ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ನನ್ನ ಪತ್ನಿ ತುಮಕೂರಿನ ಕಡೆಯವಳು; ಅವಳಿಗೆ ಮಲಯಾಳವೂ ಬಾರದು, ತುಳುವೂ ಬಾರದು. “ನಿಮಗೆ ಅದು ಹುಟ್ಟಿದೂರು, ನನಗೆ ಬೇರೆ ರಾಜ್ಯ. ಅಲ್ಲಿ ನಾನು ಹೇಗೆ ಬದುಕುತ್ತೇನೆ ಎಂದು ಮೊದಲು ಹೇಳಿ, ಮನೆ ಆಮೇಲೆ ನೋಡೋಣ” ಎಂದು ಅವಳು ಕೇಳಿದ್ದು ನ್ಯಾಯವೇ ಆಗಿತ್ತು. ಆದ್ದರಿಂದ ಊರಿನ ಮೇಲಿನ ಅಭಿಮಾನವೊಂದನ್ನೇ ನೆಚ್ಚದೆ, ಆ ಊರನ್ನು ಕಾಣದವರು ವಿಚಾರಿಸುವಂತೆ ಎಲ್ಲವನ್ನೂ ವಿಚಾರಿಸಿದೆವು.

ಬದಿಯಡ್ಕವೇ ಏಕೆ ಎಂಬುದಕ್ಕೆ ಉತ್ತರ ಸರಳ. ಕಾಸರಗೋಡು ಪೇಟೆಯಲ್ಲಿ ಸೌಕರ್ಯಗಳು ಹೆಚ್ಚು, ಕುಂಬಳೆಯಲ್ಲಿ ರೈಲು ನಿಲ್ದಾಣವಿದೆ, ರಾಷ್ಟ್ರೀಯ ಹೆದ್ದಾರಿ 66 ಊರನ್ನು ಹಾದುಹೋಗುತ್ತದೆ; ಎರಡೂ ಕಡೆ ಜಾಗದ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಬದಿಯಡ್ಕದಲ್ಲಿ ಚೆರ್ಕಳ–ಕಲ್ಲಡ್ಕ ರಸ್ತೆಯೂ ಕುಂಬಳೆ–ಮುಳ್ಳೇರಿಯ ರಸ್ತೆಯೂ ಕೂಡುತ್ತವೆ, ಪೆರ್ಲದ ದಾರಿಯಾಗಿ ಪುತ್ತೂರಿನ ಕಡೆಗೂ ಬಸ್ಸುಗಳಿವೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿಯ ಅಂಗಡಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಬಸ್ಸಿನಲ್ಲಿ ಕನ್ನಡದಲ್ಲಿ ಮಾತನಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ನನ್ನ ಪತ್ನಿ ಒಬ್ಬಳೇ ಪೇಟೆಗೆ ಹೋಗಿ ತರಕಾರಿ, ಔಷಧಿ, ಮಗಳ ಚಪ್ಪಲಿ ಎಲ್ಲವನ್ನೂ ಕನ್ನಡದಲ್ಲೇ ವ್ಯವಹರಿಸಿ ತಂದಳು. ಅವಳ ಅರ್ಧ ಅಳುಕು ಅಂದೇ ಇಳಿಯಿತು.

ನಾವು ಮೆಚ್ಚಿದ ಮನೆ ಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಗುಡ್ಡೆಯ ಇಳಿಜಾರಿನಲ್ಲಿದೆ. ಹನ್ನೆರಡು ಸೆಂಟ್ಸ್ ಜಾಗ. ಮೇಲಿನ ತಟ್ಟಿನಲ್ಲಿ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗಟ್ಟಿ ಗೋಡೆಯ ಮನೆ, ಕೆಳಗಿನ ತಟ್ಟಿನಲ್ಲಿ ಒಂದಿಷ್ಟು ಅಡಿಕೆ ಮರಗಳು ಮತ್ತು ಬಾವಿ. ಕಾಸರಗೋಡಿನಲ್ಲಿ ಜಾಗ ನೋಡುವವರು ಮನೆಗಿಂತ ಮೊದಲು ಬಾವಿಯನ್ನು ನೋಡಬೇಕು ಎಂದು ಅಣ್ಣ ಹೇಳುತ್ತಲೇ ಇದ್ದ. ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ, ಆದರೂ ಬೇಸಗೆಯಲ್ಲಿ ನೀರಿಗೆ ತತ್ವಾರ ಬರುತ್ತದೆ. ಮುರಕಲ್ಲಿನ ನೆಲ ರಂಧ್ರಮಯವಾದದ್ದು, ಗುಡ್ಡೆಗಳು ಕಡಿದಾದವು. ಬಿದ್ದ ನೀರು ಇಂಗಿದಷ್ಟೇ ಬೇಗ ತೋಡು ಸೇರಿ, ಅಲ್ಲಿಂದ ಹೊಳೆಗೆ, ಸಮುದ್ರಕ್ಕೆ ಹೋಗಿಬಿಡುತ್ತದೆ. ನಮ್ಮ ಹಿರಿಯರು ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು, ಒಳಗೆ ಒಸರುವ ನೀರನ್ನು ಹೊರಗಿನ ಕೆರೆಗೆ ಹರಿಸಿಕೊಂಡದ್ದು ಇದೇ ಕಾರಣಕ್ಕೆ. ಅಣ್ಣನ ತೋಟದ ಸುರಂಗ ಇಂದಿಗೂ ನೀರು ಕೊಡುತ್ತಿದೆ. ಒಬ್ಬ ಮನುಷ್ಯ ತಲೆ ಬಗ್ಗಿಸಿ ಹೋಗಬಹುದಾದ ಆ ಕತ್ತಲೆಯ ದಾರಿಯನ್ನು ಕೊರೆಯಬಲ್ಲ ಕೆಲಸಗಾರರು ಈಗ ಸಿಗುವುದು ಕಷ್ಟ.

ಮನೆಯ ಯಜಮಾನರು ಪತ್ತನಾಜೆಯವರೆಗೂ, ಅಂದರೆ ಮೇ ಕೊನೆಯವರೆಗೂ, ನೀರಿಗೆ ತೊಂದರೆಯಿಲ್ಲ ಎಂದರು. ಅಣ್ಣ ಏನೂ ಹೇಳದೆ ಬಾವಿಯ ಕಟ್ಟೆಗೆ ಬಾಗಿ ಬಹಳ ಹೊತ್ತು ನೋಡಿದ. ಕಲ್ಲಿನ ಮೇಲೆ ಒಂದು ಮಟ್ಟದವರೆಗೆ ಜರಿಗಿಡಗಳು ದಟ್ಟವಾಗಿ ಬೆಳೆದಿದ್ದವು, ಅದರ ಕೆಳಗೆ ಪಾಚಿಯ ಪಟ್ಟಿ, ಇನ್ನೂ ಕೆಳಗೆ ಕೆಂಪು ಕಲ್ಲು ಬೋಳಾಗಿ ತೊಳೆದಂತಿತ್ತು. ಬಳಿಕ ಅವನು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿದ. ನೀರು ಒಂದೂವರೆ ಕೋಲಿಗಿಂತ, ಅಂದರೆ ಸುಮಾರು ಒಂದು ಮೀಟರಿಗಿಂತ, ಸ್ವಲ್ಪ ಹೆಚ್ಚಿತ್ತು, ಅದೂ ಫೆಬ್ರವರಿ ತಿಂಗಳಲ್ಲಿ. ಬೇಲಿಯಾಚೆಗಿನ ಮನೆಯ ಹಿರಿಯಮ್ಮ ನಮ್ಮನ್ನು ಕಂಡು ತಾವಾಗಿಯೇ ಹೇಳಿದರು: “ವಿಷು ಕಳೆದ ಮೇಲೆ ಪಂಪು ಹತ್ತು ನಿಮಿಷ ಓಡಿದರೆ ಸಾಕು, ಗಾಳಿ ಎಳೆಯುತ್ತದೆ ಮಗಾ. ಸಂಜೆ ಪುನಃ ಊರುತ್ತದೆ. ಕುಡಿಯಲಿಕ್ಕೆ, ಅಡುಗೆಗೆ ಯಾವತ್ತೂ ಕಡಿಮೆಯಾಗಲಿಲ್ಲ.” ಮಾರುವವರ ಮಾತಿಗಿಂತ ನೆರೆಯವರ ಮಾತು ನಂಬಲರ್ಹ ಎಂಬುದನ್ನು ಜಾಗ ನೋಡುವ ಯಾರಿಗಾದರೂ ನಾನು ಒತ್ತಿ ಹೇಳುತ್ತೇನೆ. ನಾಲ್ವರ ಸಂಸಾರಕ್ಕೆ ಆ ನೀರು ಸಾಕು, ಅಡಿಕೆಗೆ ಸಾಲದು. ಮಾಡಿನ ಮಳೆನೀರನ್ನು ಸೋಸಿ ಬಾವಿಗೆ ಇಳಿಸುವ ಏರ್ಪಾಡು ಮೊದಲ ಮಳೆಗಾಲದಲ್ಲೇ ಆಗಬೇಕು ಎಂದು ನಿಶ್ಚಯಿಸಿದೆವು.

ಕಾಗದಪತ್ರಗಳ ವಿಚಾರ ಇನ್ನಷ್ಟು ಎಚ್ಚರ ಬೇಡುವಂಥದು. ಕೇರಳದಲ್ಲಿ ಕ್ರಯದ ಮೇಲೆ ಶೇಕಡಾ 8 ಮುದ್ರಾಂಕ ಶುಲ್ಕ, ಶೇಕಡಾ 2 ನೋಂದಣಿ ಶುಲ್ಕ. ಐವತ್ತು ಲಕ್ಷದ ಮನೆಗೆ ಐದು ಲಕ್ಷ ಅಲ್ಲಿಗೇ ಹೋಗುತ್ತದೆ. ಕರ್ನಾಟಕದ ಲೆಕ್ಕ ಇಟ್ಟುಕೊಂಡು ಬರುವವರು ಈ ಹೊರೆಯನ್ನು ಮೊದಲೇ ಕೂಡಿಸಿಕೊಳ್ಳಬೇಕು. ಈಗಿನ ಆಧಾರ (ಇಲ್ಲಿ ಕ್ರಯಪತ್ರಕ್ಕೆ ಹಾಗೆನ್ನುತ್ತಾರೆ), ಅದರ ಹಿಂದಿನ ಆಧಾರಗಳು, ಸಬ್ ರಿಜಿಸ್ಟ್ರಾರ್ ಕಚೇರಿಯ ಇ.ಸಿ. ಅಂದರೆ ಋಣಭಾರ ಪತ್ರ, ವಿಲೇಜ್ ಆಫೀಸಿನ ಪೊಸೆಷನ್ ಸರ್ಟಿಫಿಕೇಟ್, ಪಂಚಾಯತಿನ ಮನೆ ನಂಬರು, ಇವೆಲ್ಲವೂ ಸರಿಯಾಗಿದ್ದವು. ತೊಡಕು ಕಂಡದ್ದು ತೀರ್ವೆ (ಭೂಕಂದಾಯ) ರಶೀದಿಯಲ್ಲಿ. ಮಲಯಾಳ ಲಿಪಿಯ ಆ ಒಂದು ಹಾಳೆಯಲ್ಲಿ ಎರಡು ಸರ್ವೆ ನಂಬರುಗಳಿದ್ದವು. ಮನೆ ಇರುವ ಎಂಟು ಸೆಂಟ್ಸ್ ಪುರಯಿಡಂ, ಅಂದರೆ ಮನೆ-ಹಿತ್ತಿಲ ಜಾಗ ಎಂದೂ, ಅಡಿಕೆ ಮತ್ತು ಬಾವಿ ಇರುವ ನಾಲ್ಕು ಸೆಂಟ್ಸ್ ನಿಲಂ, ಅಂದರೆ ಗದ್ದೆ ಎಂದೂ ದಾಖಲಾಗಿತ್ತು.

ನಮ್ಮ ಕಡೆ ಗದ್ದೆಗಳು ಅಡಿಕೆ ತೋಟಗಳಾಗಿ ಎಷ್ಟೋ ಕಾಲವಾಯಿತು, ಕಡತ ಮಾತ್ರ ಹಾಗೆಯೇ ಉಳಿದಿದೆ. ಆದರೆ 2008ರ ಭತ್ತದ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದು ಲಘುವಾಗಿ ಕಾಣುವ ವಿಷಯವಲ್ಲ. ಅಂಥ ಜಾಗದಲ್ಲಿ ಮುಂದೆ ಒಂದು ಕೋಣೆ ಕಟ್ಟುವುದಕ್ಕೂ ಅನುಮತಿ ಸುಲಭವಾಗಿ ಸಿಗದು. ಜಾಗವು ಗದ್ದೆ ಮತ್ತು ತೇವಭೂಮಿಗಳ ಡಾಟಾ ಬ್ಯಾಂಕ್ ಎಂಬ ಪಟ್ಟಿಯಲ್ಲಿದ್ದರೆ ಅದರಿಂದ ತೆಗೆಸಲು ಫಾರಂ 5, ಪಟ್ಟಿಯಲ್ಲಿಲ್ಲದೆ ದಾಖಲೆಯಲ್ಲಿ ಮಾತ್ರ ಗದ್ದೆಯಾಗಿದ್ದರೆ ಸ್ವರೂಪ ಬದಲಾಯಿಸಲು ಫಾರಂ 6. ಎರಡಕ್ಕೂ ಕಾಯುವ ತಾಳ್ಮೆ ಬೇಕು. ನಮ್ಮದು ಪಟ್ಟಿಯಲ್ಲಿರಲಿಲ್ಲ. ಕಾಯ್ದೆಯ ಬಗ್ಗೆ ನನಗೆ ಗೌರವವಿದೆ; ಗದ್ದೆಗಳು ಉಳಿದಿದ್ದರೆ ನಮ್ಮ ಬಾವಿಗಳು ಇಷ್ಟು ಬೇಗ ಬತ್ತುತ್ತಿರಲಿಲ್ಲ ಎಂದೇ ನನ್ನ ಭಾವನೆ. ಆದ್ದರಿಂದ ಆ ನಾಲ್ಕು ಸೆಂಟ್ಸಿನಲ್ಲಿ ಏನನ್ನೂ ಕಟ್ಟುವುದಿಲ್ಲ ಎಂದು ನಾವಿಬ್ಬರೂ ಒಪ್ಪಿಕೊಂಡೆವು. ಆದರೂ ದಾಖಲೆ ಸರಿಯಾಗಿರಲಿ ಎಂದು, ಅರ್ಜಿಯನ್ನು ಮಾರುವವರೇ ಕೊಡಬೇಕು ಎಂಬ ಷರತ್ತು ಹಾಕಿದೆವು.

ಭಾಷೆಯ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಡಿ ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ಕಚೇರಿಯ ಮೆಟ್ಟಿಲು ಹತ್ತಿದಾಗ ಆ ಹಕ್ಕನ್ನು ಕೇಳಿ ಪಡೆಯಬೇಕಾಗುತ್ತದೆ, ಕೇಳುವವರು ಕಡಿಮೆಯಾದಂತೆ ಅದು ಸವೆಯುತ್ತದೆ. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕಗೊಂಡಾಗ ಹೆತ್ತವರು ಬೀದಿಗಿಳಿದು ಪ್ರತಿಭಟಿಸಿದ ಊರುಗಳು ಇಲ್ಲಿವೆ. ಹೀಗಿರುವಾಗ ಮಗಳ ಶಾಲೆಯ ನಿರ್ಧಾರ ನಮಗೆ ಮನೆಯ ನಿರ್ಧಾರಕ್ಕಿಂತ ದೊಡ್ಡದಾಗಿತ್ತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಾಪಕರಾಗಿದ್ದ ಪೆರಡಾಲದ ನವಜೀವನ ಶಾಲೆ ಹತ್ತಿರದಲ್ಲೇ ಇದೆ, ನೀರ್ಚಾಲಿನಲ್ಲಿ ನಾನು ಓದಿದ ಮಹಾಜನ ಶಾಲೆಯಿದೆ. ಅವಳು ಕನ್ನಡದಲ್ಲೇ ಎಸ್ಸೆಸ್ಸೆಲ್ಸಿಯವರೆಗೆ ಓದಬಹುದು, ಜೊತೆಗೆ ಮಲಯಾಳವನ್ನೂ ಕಲಿಯಲಿ, ಇರುವ ನಾಡಿನ ಭಾಷೆ ಬರಬೇಕು. ಮುಂದೆ ಕರ್ನಾಟಕದ ಸಿಇಟಿಗೆ ಗಡಿನಾಡು ಕನ್ನಡಿಗರ ನಿಯಮದಡಿ ಅರ್ಜಿ ಹಾಕುವ ದಾರಿಯೂ ಇದೆ. ಊರನ್ನು ಬಿಟ್ಟು ಹೋದ ನನ್ನಂಥವರ ಮಕ್ಕಳು ಬಾರದೆ ಹೋದರೆ ಆ ಬೆಂಚುಗಳಲ್ಲಿ ಯಾರು ಕುಳಿತುಕೊಳ್ಳಬೇಕು ಎಂಬ ಯೋಚನೆ ನನ್ನನ್ನು ಬಹಳ ಕಾಡಿದೆ; ಈ ಮನೆ ಬೇಕು ಎಂದು ನಾನು ಹಠ ಹಿಡಿದದ್ದಕ್ಕೆ ಬೆಲೆಯೋ ಬಾವಿಯೋ ಕಾರಣವಲ್ಲ, ಇದೇ ಕಾರಣ.

ಆಸ್ಪತ್ರೆಯ ಮಾತು ಬಂದಾಗ ಮಾತ್ರ ನನ್ನ ಬಳಿ ಸಮಾಧಾನದ ಉತ್ತರವಿರಲಿಲ್ಲ. ಹೃದಯಕ್ಕಾಗಲಿ ಮೂತ್ರಪಿಂಡಕ್ಕಾಗಲಿ ತೊಂದರೆಯಾದರೆ ನಮ್ಮವರು ಓಡುವುದು ಮಂಗಳೂರಿಗೇ. 2020ರ ಮಾರ್ಚ್ ಕೊನೆಯಲ್ಲಿ, ಕೋವಿಡ್ ಕಾಲದಲ್ಲಿ, ಕರ್ನಾಟಕವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಗಡಿಯ ತಲಪಾಡಿಯಿಂದ ಆಂಬುಲೆನ್ಸುಗಳು ಹಿಂದಿರುಗಿದ್ದನ್ನು ಈ ಜಿಲ್ಲೆಯವರು ಮರೆತಿಲ್ಲ. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬದಿಯಡ್ಕಕ್ಕೆ ಸಮೀಪದ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾದರೂ ಕೆಲಸ ಆಮೆಗತಿಯಲ್ಲಿ ಸಾಗಿತು. ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಪೀಡಿತವೆಂದು ಗುರುತಿಸಲಾದ ಹನ್ನೊಂದು ಪಂಚಾಯತುಗಳಲ್ಲಿ ಬದಿಯಡ್ಕವೂ ಒಂದು ಎಂಬುದನ್ನು ಪತ್ನಿಗೆ ನಾನೇ ತಿಳಿಸಿದೆ. ಗೇರು ತೋಪುಗಳ ಮೇಲಿನ ಸಿಂಪಡಣೆ 2000ದಲ್ಲೇ ನಿಂತಿದೆ, ನಾವು ನೋಡಿದ ಜಾಗ ತೋಪಿನಿಂದ ದೂರದಲ್ಲಿದೆ. ಇಷ್ಟೊಂದು ನೋವುಂಡ ಜಿಲ್ಲೆಗೆ ಒಂದು ಪೂರ್ಣ ಪ್ರಮಾಣದ ಆಸ್ಪತ್ರೆ ಇಷ್ಟು ತಡವಾದದ್ದು ಅನ್ಯಾಯ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ.

ಕೊನೆಗೆ ತೀರ್ಮಾನವನ್ನು ಹೇಳಿದವಳು ಪತ್ನಿಯೇ. ಕೊಳ್ಳೋಣ, ಆದರೆ ಮೇ ತಿಂಗಳಲ್ಲಿ ಬಾವಿಯ ನೀರನ್ನು ಇನ್ನೊಮ್ಮೆ ಅಳೆದ ಬಳಿಕ ಮತ್ತು ನಾಲ್ಕು ಸೆಂಟ್ಸಿನ ಅರ್ಜಿ ಇತ್ಯರ್ಥವಾದ ಬಳಿಕವೇ ನೋಂದಣಿ; ಅಲ್ಲಿಯವರೆಗೆ ಸಣ್ಣ ಮೊತ್ತದ ಮುಂಗಡ ಮಾತ್ರ. ಯಜಮಾನರು ಒಂದೆರಡು ದಿನ ಯೋಚಿಸಿ ಒಪ್ಪಿದರು. ಕರಾರು ಪತ್ರವನ್ನು ಮಲಯಾಳದಲ್ಲಿ ಬರೆಸಿ, ಅದರ ಕನ್ನಡ ಪ್ರತಿಗೂ ಇಬ್ಬರೂ ಸಹಿ ಹಾಕಬೇಕು ಎಂದು ಅವಳು ಕೇಳಿದಾಗ, ಆಧಾರ ಬರೆಯುವವರು ಸಂತೋಷದಿಂದಲೇ ಬರೆದುಕೊಟ್ಟರು. ನೋಂದಣಿ ಮುಗಿಯದಿದ್ದರೂ ಜೂನ್‌ಗೆ ಶಾಲೆ ತಪ್ಪಬಾರದೆಂದು, ಮೊದಲ ಕೆಲವು ತಿಂಗಳು ನೀರ್ಚಾಲಿನ ಮನೆಯಲ್ಲೇ ಇರಲು ಅಣ್ಣ ಅತ್ತಿಗೆ ಹೇಳಿದ್ದಾರೆ.