ಬಿದಿರಿನ ಬ್ರಶ್ಶು, ಇದ್ದಿಲು ಪುಡಿ ಮತ್ತೆ ನನ್ನ ಹಲ್ಲಿನ ಗತಿ

ಹೋದ್ ವರ್ಷ ಯುಗಾದಿಗೆ ಮನೆ ಕ್ಲೀನ್ ಮಾಡೋಣ ಅಂತ ಬಚ್ಚಲುಮನೆ ಶೆಲ್ಫ್ ಎಳೆದ್ರೆ ಹಳೇ ಬ್ರಶ್ಶೇ ಹದಿಮೂರು ಸಿಕ್ವು. ಹದಿಮೂರು! ಒಂದು ಹೇರ್ ಡೈ ಹಚ್ಚೋಕೆ, ಒಂದು ಬಾಚಣಿಗೆ ತಿಕ್ಕೋಕೆ, ಒಂದು ನಮ್ಮನೆಯವ್ರ ಬೈಕ್ ಚೈನಿಗೆ, ಒಂದು ದೀಪದ ಕಂಬದ ಸಂದಿಗೆ, ಇನ್ನೊಂದು ನಮ್ಮತ್ತೆ ಲಂಗಕ್ಕೆ ಲಾಡಿ ತೂರಿಸೋಕೆ (ಹಳೇ ಬ್ರಶ್ ಹಿಡೀಲಿ ತೂತು ಇರುತ್ತಲ್ಲ, ಅದಕ್ಕೆ ಲಾಡಿ ಗಂಟು ಹಾಕಿ ತಳ್ಳಿದ್ರೆ ಸರ್ರಂತ ಆಚೆ ಬರುತ್ತೆ). ಉಳಿದಿದ್ದು ಯಾಕಿತ್ತೋ ದೇವರಿಗೇ ಗೊತ್ತು, ಎಸೆಯೋಕೆ ಮನಸ್ಸು ಬರ್ಲಿಲ್ಲ ಅಷ್ಟೇ.

ಕೂತು ಲೆಕ್ಕ ಹಾಕ್ದೆ. ನಾವು ನಾಲ್ಕು ಜನ, ಮೂರು ತಿಂಗಳಿಗೊಂದು ಅಂದ್ರೂ ವರ್ಷಕ್ಕೆ 16 ಬ್ರಶ್ಶು, ತಿಂಗಳಿಗೊಂದರಂತೆ 150 ಗ್ರಾಂ ಪೇಸ್ಟ್ ಅಂದ್ರೆ 12 ಟ್ಯೂಬು. ಹಂಗಂತ ಟ್ಯೂಬನ್ನ ಸುಮ್ನೆ ಬಿಡೋ ಜನ ಅಲ್ಲ ನಾವು, ಲಟ್ಟಣಿಗೇಲಿ ಲಟ್ಟಿಸಿ, ಕೊನೆಗೆ ಕತ್ತರಿ ಹಾಕಿ ಸೀಳಿ ಒಳಗೆ ಬ್ರಶ್ ಆಡಿಸಿ ಇನ್ನೂ ಮೂರು ದಿನ ತಳ್ತೀವಿ. ಹಂಗೆ ಸೀಳಿದಾಗ್ಲೇ ನೋಡಿದ್ದು ನಾನು, ಒಳಗೆ ಬೆಳ್ಳಗೆ ಹೊಳೆಯೋ ಅಲ್ಯೂಮಿನಿಯಂ ಪದರ, ಆಚೆ ಈಚೆ ಪ್ಲಾಸ್ಟಿಕ್, ಎಲ್ಲಾ ಒಂದಕ್ಕೊಂದು ಅಂಟಿಸಿಬಿಟ್ಟಿರ್ತಾರೆ. ಬಿಡಿಸೋಕಾಗಲ್ಲ, ಅದಕ್ಕೇ ಒಣಕಸದ ಚೀಲಕ್ಕೆ ಹಾಕಿದ್ರೂ ಗುಜರಿಯವ್ರಿಗೆ ಅದು ಬೇಡ.

ಸರಿ, ತಲೆ ಕೆಟ್ಟು ಒಂದೇ ವಾರದಲ್ಲಿ ಎಲ್ಲಾ ಬದಲಾಯಿಸಿಬಿಟ್ಟೆ. ನಾಲ್ಕು ಬಿದಿರಿನ ಬ್ರಶ್ಶು, ತಾಮ್ರದ ನಾಲಿಗೆ ಹೆರೆಯೋ ಪಟ್ಟಿ, ಪೇಸ್ಟ್ ಬದಲು ಮನೇಲೇ ಮಾಡಿದ ಪುಡಿ. ಇದ್ದಿಲು, ಉಪ್ಪು, ಅಡುಗೆ ಸೋಡಾ, ಲವಂಗ, ನೆರಳಲ್ಲಿ ಒಣಗಿಸಿದ ಬೇವಿನೆಲೆ, ಎಲ್ಲಾ ಮಿಕ್ಸಿಗೆ ಹಾಕಿ ತಿರುಗಿಸಿ ಹಾರ್ಲಿಕ್ಸ್ ಬಾಟ್ಲಿಗೆ ತುಂಬಿಸಿಟ್ಟೆ. ನಮ್ಮಜ್ಜಿ ಹಿಂಗೇ ಅಲ್ವಾ ಮಾಡ್ತಿದ್ದಿದ್ದು, ಹಿತ್ಲಲ್ಲಿ ಹೊಂಗೆ ಕಡ್ಡಿನೋ ಬೇವಿನ ಕಡ್ಡಿನೋ ಮುರ್ಕೊಂಡು, ಇಲ್ಲಾಂದ್ರೆ ಒಲೆ ಇದ್ದಿಲು, ನೆಂಟರು ಬಂದಾಗ ಮಾತ್ರ ನಂಜನಗೂಡು ಹಲ್ಲುಪುಡಿ. ಆ ಪುಡಿ ಸದ್ವೈದ್ಯಶಾಲೆದು, 1913ರಲ್ಲಿ ಶುರುವಾಗಿದ್ದು, ಅಂದ್ರೆ ನಮ್ಮಜ್ಜಿಗಿಂತ ಹಳೇದು. ನನಗೆ ಇದೆಲ್ಲಾ ನೆನಪಾಗಿ ಕಣ್ಣು ತುಂಬಿ ಬಂದಿತ್ತು. ಒಂದೇ ಒಂದು ವಿಷಯ ಮಾತ್ರ ನೆನಪಾಗ್ಲಿಲ್ಲ, ಅಜ್ಜಿಗೆ ಅರವತ್ತು ತುಂಬೋ ಹೊತ್ತಿಗೆ ಬಾಯಲ್ಲಿ ಸ್ವಂತ ಹಲ್ಲು ಇದ್ದಿದ್ದು ಐದೋ ಆರೋ, ಚಕ್ಕುಲಿನ ಕುಟ್ಟಾಣೀಲಿ ಕುಟ್ಕೊಂಡು ತಿಂತಿದ್ರು.

ಬ್ರಶ್ ಕಥೆ ಮೊದ್ಲು ಹೇಳ್ತೀನಿ. ಹಿಡಿಯೋಕೆ ಚೆನ್ನಾಗಿದೆ, ನೋಡೋಕೂ ಚೆನ್ನಾಗಿದೆ, ಆದ್ರೆ ನಮ್ಮ ಥರ ಎಲ್ಲಾ ಬ್ರಶ್ಶನ್ನೂ ಒಂದು ಮಗ್ಗಿಗೆ ತುರುಕಿದ್ರೆ ಕೆಳಗೆ ನೀರು ನಿಂತು ಬುಡ ಕಪ್ಪಗಾಗುತ್ತೆ, ಜುಲೈ ಮಳೇಲಿ ಎರಡನೇ ವಾರಕ್ಕೇ ಬೂಷ್ಟು. ಮಗ ಮುಟ್ಟಲ್ಲ ಅಂತ ಹಠ ಹಿಡಿದ. ಈಗ ಉಜ್ಜಿದ ಮೇಲೆ ಬಟ್ಟೇಲಿ ಒರೆಸಿ ಅಡುಗೆಮನೆ ಕಿಟಕಿ ಸರಳಿಗೆ ನೇತುಹಾಕ್ತೀವಿ, ಬೂಷ್ಟು ಬರಲ್ಲ. ಇನ್ನೊಂದು, ಹಿಡಿ ಬಿದಿರು ನಿಜ, ಆದ್ರೆ ಎಳೆ ನೈಲಾನ್. ಡಬ್ಬಿ ಮೇಲೆ ಏನೇನೋ ಎಲೆ ಚಿತ್ರ ಹಾಕಿದ್ರು, ನನಗೆ ಅನುಮಾನ ಬಂದು ಒಂದೆಳೆ ಕಿತ್ತು ಬೆಂಕಿಕಡ್ಡಿ ಹಿಡಿದ್ರೆ ಮುದುಡಿ ಸಣ್ಣ ಮಣಿ ಥರ ಗಟ್ಟಿಯಾಯ್ತು. ಪ್ಲಾಸ್ಟಿಕ್ಕೇ. ಅಂದ್ರೆ ಗೊಬ್ಬರಕ್ಕೆ ಹಾಕೋಕೆ ಮುಂಚೆ ಇಕ್ಕಳ ತಗೊಂಡು ಎಳೆ ಎಲ್ಲಾ ಕೀಳ್ಬೇಕು, ಒಂದೊಂದು ಗುಚ್ಛದ ಬುಡದಲ್ಲೂ ಸ್ಟೇಪ್ಲರ್ ಪಿನ್ನಿಗಿಂತ ಚಿಕ್ಕ ಲೋಹದ ತುಂಡು ಇರುತ್ತೆ, ಅದೂ ಹಾರಿ ಎಲ್ಲೋ ಬೀಳುತ್ತೆ, ಬರಿಗಾಲಲ್ಲಿ ಓಡಾಡೋ ಮನೆ ನಮ್ಮದು. ಒಂದು ಬ್ರಶ್ಶಿಗೆ ಇಪ್ಪತ್ತು ನಿಮಿಷ. ಕಿತ್ತಿದ ಎಳೆ ಕೆಂಪು ಬಿನ್ನಿಗೆ (ಮರುಬಳಕೆಗೆ ಬರದ ಕಸದ್ದು), ಹಿಡಿ ಗೊಬ್ಬರದ ಮಡಕೆಗೆ. ಎಂಟು ತಿಂಗಳಾದ್ಮೇಲೆ ಮಡಕೆ ಬಗ್ಗಿಸಿದ್ರೆ ತರಕಾರಿ ಸಿಪ್ಪೆ ಎಲ್ಲಾ ಮಣ್ಣಾಗಿದೆ, ಬ್ರಶ್ ಹಿಡಿ ಮಾತ್ರ ಮದುವೆ ಗಂಡಿನ ಥರ ನೆಟ್ಟಗೆ ನಿಂತಿದೆ. ಈಗ ಪಾಟಲ್ಲಿ ಮೆಂತ್ಯ ಎಲ್ಲಿ ಹಾಕಿದೀನಿ ಕೊತ್ತಂಬರಿ ಎಲ್ಲಿ ಹಾಕಿದೀನಿ ಅಂತ ಗುರುತಿಗೆ ನೆಡ್ತೀನಿ.

ಪುಡಿ ಕಥೆ ಇದಕ್ಕಿಂತ ದುಬಾರಿ. ಮೊದ್ಲ ತಿಂಗಳು ಹಲ್ಲು ಫಳಫಳ, ನಾನು ಸಿಕ್ಕ ಸಿಕ್ಕವರಿಗೆಲ್ಲಾ ಡೆಮೋ. ಸಿಂಕ್ ಮಾತ್ರ ಮಸಿ ಒಲೆ ಥರ. ಮಧ್ಯೆ ಒಂದು ಸಲ ಪುಡಿನ ಕೊಬ್ಬರಿ ಎಣ್ಣೇಲಿ ಕಲಸಿ ಪೇಸ್ಟ್ ಮಾಡ್ದೆ, ಬೆಂಗ್ಳೂರು ಚಳಿಗೆ ಅದು ಕಲ್ಲಾಗಿ ಬೆಳಿಗ್ಗೆ ಬೆಳಿಗ್ಗೆ ಚಮಚದಲ್ಲಿ ಕೆರೆಯೋದು, ಉಗುಳಿದ ಮೇಲೆ ಪೈಪಲ್ಲೂ ಹೆಪ್ಪುಗಟ್ಟಿ ಪ್ಲಂಬರ್ ಬಂದಿದ್ದಾಯ್ತು. ಐದಾರು ತಿಂಗಳಿಗೆ ಮಜ್ಜಿಗೆ ಕುಡಿದ್ರೂ ಎಡಗಡೆ ಹಲ್ಲು ಜುಮ್ ಅನ್ನೋಕೆ ಶುರು. ಡೆಂಟಿಸ್ಟ್ ಕನ್ನಡಿ ಕೈಗೆ ಕೊಟ್ಟು ತೋರಿಸಿದ್ರು, ವಸಡು ಪಕ್ಕ ಹಲ್ಲಿನ ಬುಡದಲ್ಲಿ ಗರಗಸ ಹಾಕಿದಂಗೆ ಸಣ್ಣ ಗೀರು. ಜೋರಾಗಿ ಉಜ್ಜೋದು ನನ್ನ ಹಳೇ ಚಾಳಿ, ಅದಕ್ಕೆ ಇದ್ದಿಲು ಉಪ್ಪು ಸೇರಿ ಉಪ್ಪುಕಾಗದ ತಿಕ್ಕಿದಂಗೆ ಆಗಿದೆ. ಸವೆದ ಎನಾಮಲ್ (ಹಲ್ಲಿನ ಮೇಲಿರೋ ಗಟ್ಟಿ ಪದರ) ಮತ್ತೆ ಬೆಳೆಯಲ್ಲ ಅಂದ್ರು. ಫಿಲ್ಲಿಂಗ್ ಎರಡು. ಮಗನಿಗೆ ದವಡೆ ಹಲ್ಲಲ್ಲಿ ಹುಳುಕು ಒಂದು, ಅದು ಪುಡಿಯಿಂದಾನೇ ಅಂತ ಅವ್ರು ಹೇಳ್ಲಿಲ್ಲ, ಆದ್ರೆ ಕೇಳಿದ ಮೊದ್ಲ ಪ್ರಶ್ನೆ ಮಾತ್ರ ಪೇಸ್ಟಲ್ಲಿ ಫ್ಲೋರೈಡ್ (ಹುಳುಕು ತಡೆಯೋಕೆ ಹಾಕೋ ಖನಿಜ) ಇದ್ಯಾ ಅಂತ. ನಮ್ಮ ಪುಡೀಲಿ ಅದೆಲ್ಲಿಂದ ಬರ್ಬೇಕು.

ಇಲ್ಲಿ ನಮ್ಮನೇಲಿ ದೊಡ್ಡ ಜಗಳ. ನಮ್ಮತ್ತೆ ಪಾವಗಡದ ಕಡೆಯವ್ರು. ಬೋರ್‌ವೆಲ್ ನೀರು ಕುಡಿದು ಬೆಳೆದೋರು, ಹಲ್ಲ ಮೇಲೆ ಕಂದು ಗೆರೆ ಗೆರೆ, ಫೋಟೋ ತೆಗೆಯೋವಾಗ ಇವತ್ತಿಗೂ ಬಾಯಿ ಬಿಟ್ಟು ನಗಲ್ಲ. ಅವ್ರಿಗೆ ಫ್ಲೋರೈಡ್ ಅಂದ್ರೆ ವಿಷ, ಅದನ್ನ ಮಗುಗೆ ದುಡ್ಡು ಕೊಟ್ಟು ಹಾಕ್ತೀಯಾ ಅಂತ. ಅವ್ರ ಸಂಕಟ ಸುಳ್ಳಲ್ಲ. ಲೀಟರ್ ನೀರಿಗೆ ಫ್ಲೋರೈಡ್ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇರೋದು, ಆ ಸೀಮೆ ಬೋರ್‌ವೆಲ್‌ಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತೆ, ಹಲ್ಲು ಒಸಡೊಳಗೆ ರೂಪ ಪಡೀತಿರೋ ವಯಸ್ಸಲ್ಲಿ ದಿನಾ ಅದನ್ನ ಕುಡಿದ್ರೆ ಹಂಗಾಗುತ್ತೆ. ಪೇಸ್ಟ್ ಹಂಗಲ್ಲ, ಹಲ್ಲಿಗೆ ಸವರಿ ಉಗುಳೋದು, ಹುಳಿಗೆ ಕರಗಿಹೋದ ಖನಿಜ ಮತ್ತೆ ಹಲ್ಲಿಗೆ ಕೂರೋಕೆ ಅದು ಸಹಾಯ ಮಾಡುತ್ತೆ. ಇದನ್ನ ನಾನು ಮೂರು ಸಲ ಹೇಳ್ದೆ, ಅತ್ತೆ ಮೂರು ಸಲಾನೂ ಹ್ಞೂಂ ಅಂದ್ರು, ಅವ್ರ ಹ್ಞೂಂ ಏನು ಅಂತ ಸೊಸೆಯಂದಿರಿಗೆ ಗೊತ್ತಿರುತ್ತೆ.

ನ್ಯಾಚುರಲ್ ಅಂದ ತಕ್ಷಣ ಒಳ್ಳೇದು ಅನ್ನೋ ನನ್ನ ಭ್ರಮೆಗೆ ಪಕ್ಕದ್ಮನೆಯವ್ರೂ ಒಂದು ಪೆಟ್ಟು ಕೊಟ್ರು. ಅವ್ರು ನಿಪ್ಪಾಣಿ ಕಡೆಯವ್ರು, ಅವ್ರಜ್ಜಿ ದಿನಾ ಮಿಶ್ರಿ ತಿಕ್ತಿದ್ರಂತೆ. ಹುರಿದು ಕರಿ ಮಾಡಿ ಪುಡಿ ಮಾಡಿದ ತಂಬಾಕು! ಅದೂ ಗಿಡದ್ದೇ ತಾನೆ. ಪೇಸ್ಟು, ಹಲ್ಲುಪುಡೀಲಿ ತಂಬಾಕು ಹಾಕಬಾರದು ಅಂತ 1992ರಲ್ಲೇ ನಿಷೇಧ ಬಂದಿದೆ, ಮನೇಲಿ ಹುರ್ಕೊಳ್ಳೋರನ್ನ ಯಾರು ಕೇಳ್ತಾರೆ.

ಈಗ ನಮ್ಮನೇಲಿ ಉಳಿದಿದ್ದು ಏನು ಅಂದ್ರೆ, ತಾಮ್ರದ ಪಟ್ಟಿ, ಅದು ಸೂಪರ್, ವಾರಕ್ಕೊಂದ್ಸಲ ಹುಣಸೇಹಣ್ಣು ತಿಕ್ಕಿದ್ರೆ ಹೊಸದು, ನನ್ನ ಕಾಲ ಆದ್ಮೇಲೂ ಇರುತ್ತೆ. ಬಿದಿರಿನ ಬ್ರಶ್ಶು ಉಳೀತು. ಪುಡಿ ಹೋಯ್ತು, ಉಳಿದಿದ್ದನ್ನ ಬೆಳ್ಳಿ ಸಾಮಾನಿಗೆ ಹಾಕ್ದೆ. ಫ್ಲೋರೈಡ್ ಇರೋ ಮಾತ್ರೆ ಥರದ ಪೇಸ್ಟ್ ಗಾಜಿನ ಬಾಟ್ಲೀಲಿ ಬರುತ್ತೆ, ಅದನ್ನೂ ನೋಡ್ದೆ, ನಾಲ್ಕು ಜನಕ್ಕೆ ನಮ್ಮ ಬಜೆಟ್ಟಿಗೆ ಆಗಲ್ಲ. ಹಂಗಾಗಿ ಮತ್ತೆ ಅದೇ ಟ್ಯೂಬು.

ಆದ್ರೆ ತಮಾಷೆ ಕೇಳಿ, ಟ್ಯೂಬ್ ಕಸ ನಿಜವಾಗ್ಲೂ ಕಮ್ಮಿಯಾಗಿದ್ದು ಡೆಂಟಿಸ್ಟ್ ಬಿಲ್ಲಿನ ಹಿಂದೆ ಒಂದು ಬಟಾಣಿ ಬರೆದು ತೋರಿಸಿದ ಮೇಲೆ. ಜಾಹೀರಾತಲ್ಲಿ ಬ್ರಶ್ ಉದ್ದಕ್ಕೂ ಅಲೆ ಅಲೆಯಾಗಿ ಹಾಕ್ತಾರಲ್ಲ, ನಾವೂ ಹಂಗೇ ಹಾಕ್ತಿದ್ವಿ. ಬೇಕಿರೋದು ಬಟಾಣಿಯಷ್ಟು, ಸುಮಾರು ಕಾಲು ಗ್ರಾಂ. ನಾಲ್ಕು ಜನ, ದಿನಕ್ಕೆ ಎರಡು ಸಲ ಉಜ್ಜಿದ್ರೂ ಎರಡೇ ಗ್ರಾಂ, 150 ಗ್ರಾಂ ಟ್ಯೂಬು 75 ದಿನ. ಮುಂಚೆ ಬೆಳಿಗ್ಗೆ ಒಂದೇ ಸಲ ಉಜ್ಜಿ ತಿಂಗಳಿಗೆ ಖಾಲಿ ಮಾಡ್ತಿದ್ವಿ. ವರ್ಷಕ್ಕೆ 12 ಇದ್ದಿದ್ದು 5ಕ್ಕೆ ಬಂತು, ಮಿಕ್ಸಿ ತೊಳೆಯೋ ಕೆಲಸಾನೂ ಇಲ್ಲ.

ಅತ್ತೆ ಮಾತ್ರ ಬಿದಿರಿನ ಬ್ರಶ್ಶನ್ನ ಇನ್ನೂ ಕ್ಷಮಿಸಿಲ್ಲ. ಹೊಸ ಲಂಗಕ್ಕೆ ಲಾಡಿ ಹಾಕೋಕೆ ಕೂತು ತಿರುಗಿಸಿ ಮುರುಗಿಸಿ ನೋಡಿದ್ರು, ದಪ್ಪ ಜಾಸ್ತಿ, ಹಿಂದೆ ತೂತೂ ಇಲ್ಲ. ಆ ಹದಿಮೂರರಲ್ಲಿ ಎರಡನ್ನ ನನಗೆ ಗೊತ್ತಿಲ್ಲದಂಗೆ ಟ್ರಂಕಲ್ಲಿ ಎತ್ತಿಟ್ಕೊಂಡಿದ್ರಂತೆ, ಒಂದನ್ನ ತೆಗೆದು ಸರ್ರಂತ ಲಾಡಿ ಎಳೆದು ನನ್ನ ಮುಖ ನೋಡಿದ್ರು.